ಸದ್ದಿಗೊಂದು ಲೈಸೆನ್ಸು

ಕೋವಿಯ ಲೈಸೆನ್ಸಿಗೆ ಅರ್ಜಿ ಹಾಕುವವನಿಗೆ ಎದುರಾಗುವ ಮೊದಲ ಪ್ರಶ್ನೆ ‘ಯಾತಕ್ಕೆ?’ ಎಂಬುದು. ಪುತ್ತೂರು, ಸುಳ್ಯ, ಕಡಬದ ಅಡಿಕೆ ಬೆಳೆಗಾರರೆಲ್ಲ ಇದಕ್ಕೆ ಒಂದೇ ಉತ್ತರ ಬರೆಯುತ್ತಾರೆ: ಬೆಳೆ ರಕ್ಷಣೆಗೆ. ಈ ಕೋವಿಯಿಂದ ಯಾರಿಗೂ ಏನೂ ಆಗುವುದಿಲ್ಲ ಎಂದು ಬರೆದವನಿಗೂ ಗೊತ್ತು, ಓದುವವರಿಗೂ ಗೊತ್ತು, ಮಂಗಗಳಿಗಂತೂ ಇನ್ನೂ ಚೆನ್ನಾಗಿ ಗೊತ್ತು.

ನಮ್ಮ ಮನೆಯದು ಕೇಪಿನ ಕೋವಿ, ಅಪ್ಪನ ಹೆಸರಿನಲ್ಲಿರುವುದು. 2016ರ ಆಯುಧ ನಿಯಮಗಳಲ್ಲಿ ಒಂದು ಒಳ್ಳೆಯ ಅನುಕೂಲ ಉಂಟು. ಲೈಸೆನ್ಸುದಾರರಿಗೆ 70 ವರ್ಷ ತುಂಬಿದರೆ, ಇಲ್ಲವೇ ಕೋವಿ ಅವರ ಕೈಯಲ್ಲಿ 25 ವರ್ಷ ಇದ್ದರೆ, ಅವರು ಇರುವಾಗಲೇ ಅದನ್ನು ವಾರಸುದಾರರ ಹೆಸರಿಗೆ ಮಾಡಿಕೊಳ್ಳಲು ಅರ್ಜಿ ಹಾಕಬಹುದು. ತೋಟ, ಪಂಪ್‌ಸೆಟ್ಟು, ಸೊಸೈಟಿಯ ಸಾಲ ಎಲ್ಲವನ್ನೂ ತುಂಬು ಮನಸ್ಸಿನಿಂದ ನನ್ನ ತಲೆಗೆ ಕಟ್ಟಿದ ಅಪ್ಪ, ಕೋವಿಯ ಮಾತು ಬಂದಾಗ ಮಾತ್ರ ಎಲೆಗೆ ಸುಣ್ಣ ಹಚ್ಚುತ್ತಾ, “ನೋಡುವ, ಅರ್ಜೆಂಟ್ ಎಂತ ಉಂಟು?” ಎಂದರು.

ಅವರು ಕೋವಿ ತುಂಬುವುದನ್ನು ನೋಡಬೇಕು. ಬಾಳೆತೋಟದ ಆಚೆ ಮಂಗಗಳ ಗಲಾಟೆ ಕೇಳಿದ ಮೇಲೆಯೇ ಶುರು. ಮೊದಲು ಮದ್ದು ಅಳೆದು ನಳಿಗೆಗೆ ಸುರಿಯುವುದು. ಬೀಳದೆ ಬದಿಗೆ ಅಂಟಿದ್ದನ್ನು ಅಂಗೈಯಿಂದ ತಟ್ಟಿ ತಟ್ಟಿ ಇಳಿಸುವುದು. ತೆಂಗಿನ ನಾರನ್ನು ಉಂಡೆ ಕಟ್ಟಿ ಬಾಯಿಗೆ ತುರುಕಿ, ಉದ್ದದ ಸಲಾಕೆಯಿಂದ ಜಡಿಯುವುದು. ಸಲಾಕೆ ಪುಟಿದು ಮೇಲೆದ್ದರೆ ಗಟ್ಟಿಯಾಯಿತೆಂದು ಲೆಕ್ಕ. ಕೊನೆಗೆ ಅಂಗಿಯ ಜೇಬಿನಿಂದ ಕೇಪು ತೆಗೆದು, ಕನ್ನಡಕ ಹುಡುಕಿ, ಕೂರಿಸುವುದು. ಚರೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಇಷ್ಟು ಮುಗಿಯುವಷ್ಟರಲ್ಲಿ ಮಂಗಗಳು ಎಳೆ ಅಡಿಕೆ ಚೀಪಿ, ಬೊಂಡ ಕುಡಿದು, ಕೊಕ್ಕೊ ಕಾಯಿ ಒಡೆದು ಬೀಜದ ಸಿಹಿ ಹೀರಿ ಮುಗಿಸಿರುತ್ತವೆ. ಪುತ್ತೂರಿನಲ್ಲಿ ಕ್ಯಾಂಪ್ಕೊದ ಚಾಕಲೇಟು ಕಾರ್ಖಾನೆ ಶುರುವಾದದ್ದು 1986ರಲ್ಲಿ. ಕೊಕ್ಕೊದ ರುಚಿಯ ವಿಷಯದಲ್ಲಿ ಮೊದಲ ಸರತಿ ಮಾತ್ರ ಇಂದಿಗೂ ಮಂಗಗಳದೇ. ಅಪ್ಪ ಆಕಾಶಕ್ಕೆ ಗುರಿಯಿಟ್ಟು ಒಂದು ಈಡು ಬಿಡುತ್ತಾರೆ. ಗುಡ್ಡಕ್ಕೆ ಬಡಿದ ಸದ್ದು ತಿರುಗಿ ಬರುತ್ತದೆ. ಮಂಗಗಳು ಪಕ್ಕದ ತೋಟಕ್ಕೆ ಹೋಗುತ್ತವೆ. ಅಲ್ಲಿಯೂ ಕೋವಿ ಉಂಟು. ಹಾಗಾಗಿ ಸ್ವಲ್ಪ ಹೊತ್ತಿನಲ್ಲಿ ವಾಪಸು ಬರುತ್ತವೆ.

ಅಪ್ಪ ಹಾಗೆಂದರೂ ನಾನು ಹಾಕಿದ ಅರ್ಜಿಯ ಕಾಗದಗಳ ಪೈಕಿ ನನಗೆ ಬಹಳ ಇಷ್ಟವಾದದ್ದು ಡಾಕ್ಟರ ಸರ್ಟಿಫಿಕೇಟು. ದೇಹ, ಮನಸ್ಸು ಎರಡೂ ನೆಟ್ಟಗಿವೆ ಎಂದು ಸರಕಾರದ ಲೆಕ್ಕದಲ್ಲಿ ದಾಖಲಾಗುವ ಭಾಗ್ಯ ಅಡಿಕೆ ಬೆಳೆಗಾರನಿಗೆ ಬೇರೆ ಯಾವ ದಾರಿಯಿಂದ ಸಿಗಬೇಕು? ಹೆಂಡತಿ ಅದನ್ನು ಎರಡು ಸಲ ಓದಿ, ಡಾಕ್ಟರು ಯಾರೆಂದು ವಿಚಾರಿಸಿದಳು. ಆರ್‌ಟಿಸಿ, ಫೋಟೋ, ಕೋವಿ ಇಡುವ ಜಾಗ ಭದ್ರವಾಗಿದೆ ಎಂಬ ಮುಚ್ಚಳಿಕೆ, ಬಂದೂಕು ತರಬೇತಿಯ ಪ್ರಮಾಣಪತ್ರ ಎಲ್ಲ ಸೇರಿ ಫೈಲು ಮಂಗಳೂರಿನ ಜಿಲ್ಲಾಧಿಕಾರಿ ಕಚೇರಿಗೆ ಹೋಯಿತು. ಅಲ್ಲಿಂದ ಕಂದಾಯದವರ ದಾರಿ ಒಂದು, ಪೊಲೀಸರ ದಾರಿ ಇನ್ನೊಂದು. ಎರಡೂ ಕೊನೆಗೆ ನಮ್ಮ ಮನೆಯ ಅಂಗಳಕ್ಕೇ ಬರುತ್ತವೆ.

ವಿಚಾರಣೆಗೆ ಬಂದವರು ಪಾಪದವರು. ಘಟ್ಟದ ಮೇಲಿನಿಂದ ಹೊಸದಾಗಿ ವರ್ಗವಾಗಿ ಬಂದಿದ್ದರು.

“ಪ್ರಾಣಿಗಳನ್ನು ಹೊಡೀತೀರಾ?” ಎಂದು ಕೇಳಿದರು.

“ಛೆ, ಇಲ್ಲ ಮಾರಾಯ್ರೆ! ಸದ್ದು ಮಾತ್ರ.”

“ಸದ್ದು ಮಾಡೋಕೆ ಯಾಕ್ರೀ ಲೈಸೆನ್ಸು?”

ಪ್ರಶ್ನೆ ಎಷ್ಟು ನ್ಯಾಯವಾಗಿತ್ತೆಂದರೆ, ಉತ್ತರದ ಬದಲು ನಾವು ಚಾ ಕೊಟ್ಟೆವು.

ಹೊಡೆಯುವುದಾದರೂ ಯಾರನ್ನು? ಆನೆ ವನ್ಯಜೀವಿ ಕಾಯಿದೆಯ ಮೊದಲ ಪಟ್ಟಿಯಲ್ಲಿದೆ. ನವಿಲು ಅದೇ ಪಟ್ಟಿಯಲ್ಲಿದ್ದು, ಮೇಲಿನಿಂದ ರಾಷ್ಟ್ರಪಕ್ಷಿ. ನಮ್ಮೂರ ಮಂಗ ಕೂಡ 2022ರ ತಿದ್ದುಪಡಿಯಲ್ಲಿ ಬಡ್ತಿ ಪಡೆದು ಆ ಮೊದಲ ಪಟ್ಟಿಗೇ ಏರಿ ಕೂತಿದೆ. ಉಳಿದದ್ದು ಕಾಡುಹಂದಿ, ಅದಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮತ್ತು ಅನುಮತಿ ಬರುವ ತನಕ ಹಂದಿ ಕಾದು ನಿಲ್ಲುವುದಿಲ್ಲ. ಆದ್ದರಿಂದ ನಮ್ಮ ಕಡೆಯ ಕೋವಿ ಆಯುಧವೇ ಅಲ್ಲ, ಅದೊಂದು ವಾದ್ಯ ಎಂಬುದು ನನ್ನ ದೃಢವಾದ ಅಭಿಪ್ರಾಯ. ನವರಾತ್ರಿಯಲ್ಲಿ ಅದಕ್ಕೆ ಗಂಧ, ದಾಸವಾಳ ಇಟ್ಟು ಪೂಜೆ ಮಾಡುವುದಂತೂ ಉಂಟೇ ಉಂಟು.

ಈ ಅಭಿಪ್ರಾಯಕ್ಕೆ ಬಲ ಬಂದದ್ದು ಇಂಗ್ಲೆಂಡಿನಲ್ಲಿರುವ ಅಕ್ಕನ ಮಗನ ಫೋನಿನಿಂದ. ಅವನೂ ಅಲ್ಲಿನ ಹಳ್ಳಿಗಾಡಿನ ಗೆಳೆಯರ ಜತೆ ಸೇರಿ, ಮೊಲ ಹೊಡೆಯಲೆಂದು ಒಂದು ರೈಫಲಿಗೆ ಅರ್ಜಿ ಗುಜರಾಯಿಸಿದ್ದ. ಅಲ್ಲಿಯೂ ಪೊಲೀಸರು ಮನೆಗೆ ಬಂದು ನೋಡುತ್ತಾರೆ, ಡಾಕ್ಟರ ಹತ್ತಿರ ಕೇಳುತ್ತಾರೆ, ಅವನ ಪರವಾಗಿ ಮಾತಾಡುವ ಇಬ್ಬರ ಹೆಸರು ಬೇಕು, ಕಬ್ಬಿಣದ ಕಪಾಟು ಬೇಕು. ಅಷ್ಟರ ಮಟ್ಟಿಗೆ ಲೋಕವೆಲ್ಲ ಒಂದೇ. ಆದರೆ ಅವನು ರೈಫಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದ್ದನಂತೆ: ನಳಿಗೆಯ ತುದಿಗೆ ಸಿಕ್ಕಿಸುವ, ಸದ್ದು ತಗ್ಗಿಸುವ ಕೊಳವೆ. ಸೌಂಡ್ ಮಾಡರೇಟರ್.

ಫೋನು ಸ್ಪೀಕರಿನಲ್ಲಿತ್ತು. ಅಪ್ಪ ಎಲೆಯಡಿಕೆ ಉಗಿದು ಬಂದು ಕೇಳಿದರು: “ಸದ್ದು ಬಾರದ ಕೋವಿ ಎಂತಕ್ಕೆ ಮಗಾ? ಬಿಟ್ಟದ್ದು ಮೊಲಕ್ಕೆ ಗೊತ್ತಾಗುವುದು ಹೇಗೆ?”

“ಗೊತ್ತಾಗಬಾರದು ಅಂತಲೇ ಅಜ್ಜ. ಮತ್ತೆ ನೆರೆಮನೆಯವರಿಗೆ ತೊಂದರೆ, ನಮ್ಮ ಕಿವಿಗೂ ಒಳ್ಳೆಯದಲ್ಲ.”

ನೆರೆಮನೆಯವರಿಗೆ ಕೇಳದ ಈಡು! ಅಪ್ಪನಿಗೆ ಮೊಮ್ಮಗನ ಬಗ್ಗೆ ನಿಜವಾದ ಚಿಂತೆ ಶುರುವಾದದ್ದು ಆ ದಿನ. ನಾವು ತೋಟದಲ್ಲಿದ್ದೇವೆ, ಎಚ್ಚರವಾಗಿದ್ದೇವೆ, ಗಡಿಕಲ್ಲು ಎಲ್ಲಿತ್ತೆಂಬುದು ನೆನಪಿದೆ ಎಂದು ನೆರೆಯವರಿಗೆ ತಿಳಿಸುವುದಕ್ಕೆ ಇದಕ್ಕಿಂತ ಮರ್ಯಾದೆಯ ಉಪಾಯ ಬೇರೆ ಯಾವುದುಂಟು? ಆ ಕೊಳವೆಯ ವಿಷಯದಲ್ಲಿ ನಮ್ಮ ದೇಶದ ಕಾನೂನೂ ಅಪ್ಪನ ಕಡೆಗೇ ವಾಲುತ್ತದೆ. 1959ರ ಆಯುಧ ಕಾಯಿದೆ ಸದ್ದಡಗಿಸುವ ಸಾಧನವನ್ನು ಬಂದೂಕಿನ ವ್ಯಾಖ್ಯೆಯೊಳಗೇ ಎಳೆದುಕೊಂಡಿದೆ. ಅಂದರೆ ಬರಿಯ ಮೌನವೂ ಇಲ್ಲಿ ಕೋವಿಯಷ್ಟೇ ಅಪಾಯ.

ಸುಳ್ಯದಿಂದ ಮೇಲೆ ಸಂಪಾಜೆ ಗೇಟು ದಾಟಿದರೆ ಕೊಡಗು. ಅಲ್ಲಿ ಗಂಡುಮಗು ಹುಟ್ಟಿದರೆ ಒಂದು ಈಡು, ಯಾರಾದರೂ ತೀರಿಕೊಂಡರೆ ಎರಡು. ಹುತ್ತರಿಯಲ್ಲಿ ಕದಿರು ತೆಗೆಯುವಾಗಲೂ ಒಂದು. ಅವರೂ ಸದ್ದಿನ ಜನವೇ. ಆದರೆ ಕೊಡವರಿಗೂ ಜಮ್ಮಾ ಭೂಮಿಯ ಹಿಡುವಳಿದಾರರಿಗೂ ಲೈಸೆನ್ಸು ಬೇಡ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಅಲ್ಲಿನವರ ನಿಷ್ಠೆಯನ್ನು ಮೆಚ್ಚಿ ಕೊಟ್ಟ ವಿನಾಯಿತಿಯ ಎಳೆ ಇನ್ನೂ ಹರಿದಿಲ್ಲ, 2029ರ ತನಕ ವಿಸ್ತರಣೆ ಸಿಕ್ಕಿದೆ. ಇದರಲ್ಲಿ ನನಗೊಂದು ಹಳೆಯ ಹೊಟ್ಟೆಯುರಿ ಉಂಟು. 1834ರ ತನಕ ಪುತ್ತೂರು, ಅಮರ ಸುಳ್ಯ ಮಾಗಣೆಗಳೂ ಕೊಡಗಿನ ರಾಜನ ಕೈಕೆಳಗೇ ಇದ್ದವು. ಕಂಪೆನಿಯವರು ರಾಜನನ್ನು ಇಳಿಸಿ ನಮ್ಮನ್ನು ಕೆನರಾಕ್ಕೆ ಸೇರಿಸಿದರು. ನಮ್ಮವರು ಸುಮ್ಮನಿದ್ದರೇ? 1837ರಲ್ಲಿ ದಂಗೆಯೆದ್ದು, ಮಂಗಳೂರಿನ ತನಕ ನಡೆದು, ಬಾವುಟಗುಡ್ಡೆಯಲ್ಲಿ ಬಾವುಟ ಹಾರಿಸಿ ಬಂದರು. ಇಂಥವರ ಮೊಮ್ಮಕ್ಕಳಿಗೆ ನಿಷ್ಠೆಯ ಮೇಲೆ ವಿನಾಯಿತಿ ಕೇಳುವ ಮುಖವಾದರೂ ಎಲ್ಲಿಯದು? ಫಾರ್ಮು ತುಂಬುವುದೇ ಗತಿ.

ಫಾರ್ಮು ತುಂಬಿ ಕೋವಿ ಪಡೆದರೂ ಅದು ಮನೆಯಲ್ಲಿರುವುದು ಎರಡು ಚುನಾವಣೆಗಳ ನಡುವೆ ಮಾತ್ರ. 2024ರ ಮಾರ್ಚ್ 16ಕ್ಕೆ ನೀತಿಸಂಹಿತೆ ಬಂತು, ನಮ್ಮ ಜಿಲ್ಲೆಯ ಮತದಾನ ಏಪ್ರಿಲ್ 26ಕ್ಕೆ, ಎಣಿಕೆ ಜೂನ್ 4ಕ್ಕೆ. ಕೋವಿಯನ್ನು ಗೋಣಿಯಲ್ಲಿ ಸುತ್ತಿ ಠಾಣೆಗೆ ಒಯ್ದಾಗ, ಅಲ್ಲಿ ಗೋಡೆಗೆ ಒರಗಿ ನಿಂತಿದ್ದ ಕೋವಿಗಳನ್ನು ಕಂಡು ನನಗೆ ಮನಸ್ಸು ತುಂಬಿ ಬಂತು. ಕುತ್ತಿಗೆಗೊಂದು ಚೀಟಿ ಕಟ್ಟಿಸಿಕೊಂಡು, ವಾರ್ಡು ಮೀಟಿಂಗಿನಲ್ಲಿ ಮುಖ ನೋಡದ ಎರಡು ಪಕ್ಷದವರ ಕೋವಿಗಳು ಹೆಗಲಿಗೆ ಹೆಗಲು ಕೊಟ್ಟು ನಿಂತಿದ್ದವು. ಹೊರಗೆ ಮಾವು, ಹಲಸು, ಗೇರುಬೀಜದ ಕಾಲ. ಮಂಗಗಳಿಗೆ ನೀತಿಸಂಹಿತೆ ಅನ್ವಯಿಸುವುದಿಲ್ಲ. ಏಪ್ರಿಲ್ 17ರ ರಾತ್ರಿ ಮಹಾಲಿಂಗೇಶ್ವರನ ಜಾತ್ರೆಯಲ್ಲಿ ಪುತ್ತೂರು ಬೆಡಿ ಆಕಾಶವನ್ನೇ ಹರಿದು ಹಾಕುವ ಹಾಗೆ ಸಿಡಿದಾಗ ಅಪ್ಪ, “ಇದರ ನೂರರಲ್ಲಿ ಒಂದು ಪಾಲು ಸದ್ದು ನಮ್ಮ ತೋಟಕ್ಕೆ ಸಿಕ್ಕಿದ್ದರೆ!” ಎಂದು ನಿಟ್ಟುಸಿರುಬಿಟ್ಟರು.

ಆ ಬೇಸಿಗೆಯಲ್ಲೇ ನೆರೆಮನೆಯವರು ಪಿವಿಸಿ ಪೈಪಿನ ಕೋವಿ ತಂದರು. ಒಳಗೆ ಕಾರ್ಬೈಡಿನ ಚೂರು, ನಾಲ್ಕು ಹನಿ ನೀರು, ಒಂದು ಲೈಟರು. ಅಂಗಡಿಯವನು ಡಾಕ್ಟರ ಸರ್ಟಿಫಿಕೇಟು ಕೇಳಿರಲಿಲ್ಲ, ಆರ್‌ಟಿಸಿ ಕೇಳಿರಲಿಲ್ಲ. ಒತ್ತಿದರೆ ನಮ್ಮ ಕೇಪಿನ ಕೋವಿಗಿಂತ ದೊಡ್ಡ ಸದ್ದು; ಹಟ್ಟಿಯ ದನಗಳು ಹಗ್ಗ ಜಗ್ಗಿದವು, ಮಂಗಗಳ ಹಿಂಡು ಹೊಳೆಯಾಚೆಗೆ ಕಾಲು ಕಿತ್ತಿತು. ಹತ್ತಿರದಿಂದ ಹೊಡೆದರೆ ಕಣ್ಣಿಗೆ ಅಪಾಯವೆಂದು ನಾನು ಅವರಿಗೆ ಹೇಳಿದೆ. ಅದರಲ್ಲಿ ಹೊಟ್ಟೆಕಿಚ್ಚು ಸ್ವಲ್ಪವೂ ಇರಲಿಲ್ಲವೆಂದು ಹೇಳಲಾರೆ.

ಅಪ್ಪ ಮಾತ್ರ ಜಗಲಿಯಿಂದ ಏಳಲೂ ಇಲ್ಲ.

“ಅದಕ್ಕೆ ಲೈಸೆನ್ಸ್ ಉಂಟಾ?”

“ಇಲ್ಲ.”

“ಮತ್ತೆ ಮಂಗ ಎಷ್ಟು ದಿನ ಹೆದರೀತು?” ಎಂದು ಹೇಳಿ, ನನ್ನ ಅರ್ಜಿ ಈಗ ಯಾವ ಮೇಜಿನಲ್ಲಿದೆ ಎಂದು ಮೊದಲ ಬಾರಿಗೆ ಅವರಾಗಿಯೇ ವಿಚಾರಿಸಿದರು.