ಕಾರಿಗೊಂದು ನ್ಯಾಯ, ಮಾಲೀಕನಿಗೊಂದು ನ್ಯಾಯ

ನೀವು ನ್ಯೂಜೆರ್ಸಿಯ ಎಡಿಸನ್‌ನಿಂದ ಮ್ಯಾನ್‌ಹ್ಯಾಟನ್‌ಗೆ ಹೋಗಿ, ಫೈರ್ ಹೈಡ್ರಂಟಿನಿಂದ 15 ಅಡಿಯೊಳಗೆ ಕಾರು ನಿಲ್ಲಿಸಿದಿರಿ ಎನ್ನಿ. 115 ಡಾಲರಿನ ಟಿಕೆಟ್ ಬೀಳುತ್ತದೆ. ಗಾಬರಿ ಬೇಡ. 30 ದಿನದೊಳಗೆ ತಕರಾರು ಹಾಕಿ, ಫೋಟೊ ಕೊಡಿ. ಆಡಳಿತ ನ್ಯಾಯಾಧೀಶರೊಬ್ಬರು ನಿಮ್ಮ ಅಹವಾಲು ಕೇಳಿ ತೀರ್ಪು ಕೊಡುತ್ತಾರೆ. ಸೋತರೆ ಮೇಲ್ಮನವಿಯೂ ಉಂಟು. ಬಡವರ ಸರ್ಕಾರಿ ನೆರವು ನಿಲ್ಲಿಸುವ ಮುಂಚೆ ಅವರ ಮಾತು ಕೇಳಲೇಬೇಕು, ಎದುರು ಸಾಕ್ಷಿಯನ್ನು ಪ್ರಶ್ನಿಸಲು ಬಿಡಬೇಕು ಎಂದು ಅಮೆರಿಕದ ಸುಪ್ರೀಂ ಕೋರ್ಟು 1970ರಲ್ಲಿ ಹೇಳಿದ್ದೂ ಇದೇ ನ್ಯೂಯಾರ್ಕಿನವರು ಹೂಡಿದ ಗೋಲ್ಡ್‌ಬರ್ಗ್-ಕೆಲ್ಲಿ ಮೊಕದ್ದಮೆಯಲ್ಲಿ. ದೊಡ್ಡ ದೇಶ, ದೊಡ್ಡ ಮನಸ್ಸು.

ಈಗ ಕಾರಿನಿಂದಿಳಿದು ಗ್ರೀನ್ ಕಾರ್ಡಿನ ವಿಷಯಕ್ಕೆ ಬನ್ನಿ. ಅದರ ಮೊದಲ ಮೆಟ್ಟಿಲಾದ ಐ-140 ಎಂಬ ಉದ್ಯೋಗ ವಲಸೆ ಅರ್ಜಿಯಲ್ಲಿರುವ ಹೆಸರು ನಿಮ್ಮದು, ಅನುಭವ ನಿಮ್ಮದು, ಮೈಸೂರು ವಿಶ್ವವಿದ್ಯಾಲಯದ ಅಂಕಪಟ್ಟಿ ನಿಮ್ಮದು. ಅರ್ಜಿದಾರ ಮಾತ್ರ ಕಂಪನಿ. ಫಲಾನುಭವಿಯು ಇಲ್ಲಿ ಮಾನ್ಯ ಕಕ್ಷಿದಾರನಲ್ಲವೆಂದು ಫೆಡರಲ್ ನಿಯಮವೇ ಬರೆದಿಟ್ಟಿದೆ. ತಿರಸ್ಕಾರದ ಪತ್ರ ಬರುವುದು ಕಂಪನಿಗೆ, ಮೇಲ್ಮನವಿಯ ಹಕ್ಕೂ ಕಂಪನಿಯದೇ. ನಿಮ್ಮ ಪಾಲಿಗೆ ಬರೀ ಬದುಕು. (ಕನ್ನಡ ಸಂಘದ ಯುಗಾದಿ ಊಟದಲ್ಲಿ "ಜಿಸಿ ಎಲ್ಲಿಗೆ ಬಂತು?" ಎಂದು ನಿಮ್ಮನ್ನೇ ಕೇಳುತ್ತಾರಲ್ಲ, ಕಾನೂನು ತಿಳಿಯದವರು.)

ಕೊನೆಯ ಹಂತದ ಗ್ರೀನ್ ಕಾರ್ಡ್ ಅರ್ಜಿ 180 ದಿನ ಕೊಳೆತರೆ ಅದೇ ಬಗೆಯ ಬೇರೆ ಕೆಲಸಕ್ಕೆ ಹೋಗಬಹುದೆಂದು 2000ದಲ್ಲಿ ಸಂಸತ್ತು ಉದಾರವಾಗಿ ಕಾನೂನು ಮಾಡಿತು. ಅದನ್ನು ನಂಬಿ ನಮ್ಮ ದೇಶದ ಉದ್ಯೋಗಿಯೊಬ್ಬರು ಕಂಪನಿ ಬದಲಿಸಿದರು. ಅತ್ತ ಹಳೆಯ ಕಂಪನಿ ವಂಚನೆಯ ಪ್ರಕರಣದಲ್ಲಿ ಸಿಕ್ಕಿಬಿತ್ತು. ವಲಸೆ ಇಲಾಖೆ ಇವರ ಐ-140 ರದ್ದು ಮಾಡಹೊರಟು, ಸಮಜಾಯಿಷಿ ಕೇಳಿ ನೋಟಿಸು ಕಳಿಸಿದ್ದು ಯಾರಿಗೆ? ಆ ಹಳೆಯ ಕಂಪನಿಗೆ! ಮನೆ ಹರಾಜಿನ ನೋಟಿಸನ್ನು ಬಿಟ್ಟುಹೋದ ಬಾಡಿಗೆದಾರನಿಗೆ ತಲುಪಿಸಿ, ಮಾಲೀಕನೇಕೆ ಸುಮ್ಮನಿದ್ದಾನೆ ಎಂದು ಕೇಳಿದ ಹಾಗೆ.

ಉದ್ಯೋಗಿಗೋ ಹೊಸ ಕಂಪನಿಗೋ, ಇಬ್ಬರಲ್ಲಿ ಒಬ್ಬರಿಗಾದರೂ ತಿಳಿಸಿರಪ್ಪಾ ಎನ್ನಲು ಮ್ಯಾನ್‌ಹ್ಯಾಟನ್ನಿನ ಎರಡನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟೇ ಬೇಕಾಯಿತು. ಅದು 2015ರ ಕೊನೆ. ಇಲಾಖೆ ಇನ್ನೂ ಎರಡು ವರ್ಷ ಧ್ಯಾನ ಮಾಡಿ, 2017ರಲ್ಲಿ ಕಣ್ತೆರೆಯಿತು: ಕ್ರಮಬದ್ಧವಾಗಿ ಕೆಲಸ ಬದಲಿಸಿದವರನ್ನು ಕಕ್ಷಿದಾರರೆಂದು ಪರಿಗಣಿಸೋಣ, ಅದೂ ರದ್ದತಿಯ ಹಂತದಲ್ಲಿ ಮಾತ್ರ.

ಮಿಕ್ಕವರಿಗೆ ಸುದ್ದಿ ಮುಟ್ಟಿಸಲು ಕಂಪನಿಯ ಎಚ್‌ಆರ್ ಇದ್ದಾರಲ್ಲ. ಹೋದ ವಾರ ಅವರೂ ಲೇ-ಆಫ್ ಆದರಂತೆ.