ಎಲ್ಲರೂ ಸಜ್ಜನರೇ

ಸ್ವಂತ ಮೇಲ್ ಸರ್ವರ್ ಇಟ್ಟುಕೊಂಡವನಿಗೆ ಬೇರೆ ಶತ್ರುಗಳು ಬೇಕಿಲ್ಲ. ಪುಕ್ಕಟೆ ಮೇಲ್ ಸಿಗುವಾಗ ಇದೆಲ್ಲ ಯಾಕೆ ಎಂದು ಮನೆಯಲ್ಲಿ ಕೇಳುತ್ತಾರೆ. ಡಂಭಕ್ಕೆ, ಇನ್ಯಾಕೆ? ಆ ಡಂಭದಲ್ಲೇ ನೆಂಟರಿಗೂ ಒಂದೊಂದು ವಿಳಾಸ ಹಂಚಿದ್ದೇನೆ.

ನಿವೃತ್ತ ಮೇಷ್ಟ್ರಾದ ದೊಡ್ಡಪ್ಪನಿಗೆ ವಿದೇಶದ ವಿಧವೆಯೊಬ್ಬಳು ಬರೆಯತೊಡಗಿದಳು. ಗಂಡ ಬಿಟ್ಟುಹೋದ ಕೋಟಿಗಳಿಗೆ ಪ್ರಾಮಾಣಿಕರು ಬೇಕಂತೆ. ಹೆಡರ್ ಬಿಚ್ಚಿ ನೋಡಿದೆ. ಕಸದ ಮೇಲ್ ಸೋಸುವ ನಮ್ಮ ಸ್ಪ್ಯಾಮ್‌ಅಸಾಸಿನ್ ಪ್ರತಿ ಕಾಗದಕ್ಕೂ ಅಂಕ ಹಾಕುತ್ತದೆ. 5 ಮುಟ್ಟಿದರೆ ಕಸ. ವಿಧವೆಗೆ ಭಾಷೆಗಿಷ್ಟು, ಲಿಂಕಿಗಿಷ್ಟು ಎಂದು 7ರವರೆಗೆ ಕೂಡಿಸಿ, ಕೊನೆಗೆ ಒಂದೇ ಏಟಿಗೆ 5 ಕಳೆದಿತ್ತು. ಕಾರಣ, ಡಿಎನ್‌ಎಸ್‌ಡಬ್ಲ್ಯುಎಲ್ ಎಂಬ ಸಜ್ಜನರ ಪಟ್ಟಿಯಲ್ಲಿ ಅವಳಿಗೆ 'ಹೈ' ದರ್ಜೆ!

ಕುರ್ಚಿ ಎಳೆದುಕೊಂಡು ಕೂತೆ. ನಕಲಿ ಗಡಿಯಾರದವನು? ಹೈ. ಪೌರುಷದ ಮಾತ್ರೆಯವನು? ಹೈ. ಆಫೀಸಿನಿಂದ ನನಗೆ ನಾನೇ ಬರೆದುಕೊಂಡೆ. ನಾನೂ ಹೈ! ಹುಟ್ಟಿದಾಗಿನಿಂದ ಯಾರೂ ಕೊಡದ ಸರ್ಟಿಫಿಕೇಟು. ಹೆಂಡತಿಗೆ ತೋರಿಸಿದೆ. "ಯಾರು ಕೊಟ್ಟಿದ್ದು? ವಿಚಾರಿಸಿದ್ರಾ?" ಅಂದಳು. ವಿಚಾರಿಸಿದೆ. 192.0.2.1 ಎಂಬುದು ಪುಸ್ತಕಗಳಲ್ಲಿ ಉದಾಹರಣೆ ಕೊಡಲೆಂದೇ ಎತ್ತಿಟ್ಟ ವಿಳಾಸ, ಅಲ್ಲಿ ನರಪಿಳ್ಳೆಯಿಲ್ಲ. ಪಟ್ಟಿಯಲ್ಲಿ ಹುಡುಕುವ ಕ್ರಮದಂತೆ ಅಂಕಿಗಳನ್ನು ಹಿಂದುಮುಂದು ಮಾಡಿ ಕೇಳಿದರೆ ಬಂದ ಉತ್ತರ 127.0.10.3. ಕೊನೆಯ 3 ಎಂದರೆ ಪರಮ ವಿಶ್ವಾಸ. ಹುಟ್ಟದೇ ಇದ್ದವನೂ ಸಜ್ಜನ!

ಗುಟ್ಟು ಇಷ್ಟೆ. ಸರ್ವರ್ ಬಾಡಿಗೆಗೆ ಕೊಟ್ಟ ಪುಣ್ಯಾತ್ಮರು ಅದರ ಪ್ರಶ್ನೆಗಳನ್ನು ಸಾಗಿಸಲು 8.8.8.8 ಎಂಬ ಸಾರ್ವಜನಿಕ ಡಿಎನ್‌ಎಸ್ ಬರೆದು ಕೈತೊಳೆದುಕೊಂಡಿದ್ದರು. ಕೇಳಿದರೆ "ಎಲ್ಲರೂ ಅದನ್ನೇ ಹಾಕೋದು ಸಾರ್" ಎಂಬ ಉಡಾಫೆ. ಎಲ್ಲರೂ ಹಾಕುವುದೇ ರೋಗ! ಸಜ್ಜನರ ಪಟ್ಟಿಯನ್ನು ಪುಕ್ಕಟೆ ಕೇಳಲು 24 ಗಂಟೆಗೆ 1,00,000 ಪ್ರಶ್ನೆಗಳ ಮಿತಿ. ಲೋಕದ ಪ್ರಶ್ನೆಗಳೆಲ್ಲ ಒಂದೇ ಬಾಯಿಂದ ಬಂದಂತೆ ಕಾಣುತ್ತವೆ. ಪಟ್ಟಿಯವರು 127.0.0.255 ಎಂದು ಸಭ್ಯವಾಗಿ ಸಾಕು ಅನ್ನುತ್ತಾರೆ. ಆದರೂ ಪೀಡಿಸುವವರಿಗೆ ಶಿಕ್ಷೆಯೆಂದರೆ, ಯಾರನ್ನು ಕೇಳಿದರೂ "ಒಳ್ಳೆಯವನಪ್ಪ" ಅಂದುಬಿಡುವುದು. ಈ ಉಪಾಯ ಕಂಡುಹಿಡಿದವನ ಕಾಲಿಗೆ ಬೀಳಬೇಕು ಅನ್ನಿಸಿತು.

ದೊಡ್ಡಪ್ಪ ಪೆನ್ಶನ್ ಖಾತೆಯ ನಂಬರನ್ನು ಚೀಟಿಯಲ್ಲಿ ಬರೆದಿಟ್ಟಿದ್ದರು. ಪುಣ್ಯಕ್ಕೆ ಕಳಿಸಿರಲಿಲ್ಲ. "ನಿನ್ನ ಮಷೀನೇ ಒಳಗೆ ಬಿಟ್ಟಮೇಲೆ ನಾನ್ಯಾಕೋ ಅನುಮಾನಪಡಲಿ?" ಎಂದರು. ನಗು ಬರಲಿಲ್ಲ.

ಅವತ್ತು ರಾತ್ರಿಯೇ ಅನ್‌ಬೌಂಡ್ ಎಂಬ ಡಿಎನ್‌ಎಸ್ ತಂತ್ರಾಂಶ ಹಾಕಿ, ಸರ್ವರ್ ತನ್ನ ಪ್ರಶ್ನೆಯನ್ನು ತಾನೇ ಕೇಳುವಂತೆ ಮಾಡಿದೆ. ಸಜ್ಜನರೆಲ್ಲ ಕಸದಬುಟ್ಟಿಗೆ ಹೋದರು. ವಾರದೊಳಗೆ ದೊಡ್ಡಪ್ಪನ ಫೋನು: "ಆ ಹೆಂಗಸು, ಪಾಪ, ಬರೆಯೋದೇ ಬಿಟ್ಟಳಲ್ಲೋ. ಮೈಗೆ ಹುಷಾರಿದ್ದಾಳೋ ಇಲ್ಲವೋ."