ಮೂರು ಲೋಟ, ಒಂದು ಮೊಸಳೆ

ಪತ್ತೇದಾರಿ ಕಾದಂಬರಿಯ ಹುಚ್ಚಿನವರಿಗೆ ಎರಡು ಕೆಟ್ಟ ಚಾಳಿ. ಪುಸ್ತಕ ಕೈಗೆ ಬಂದ ಕೂಡಲೇ ಹೆಣ ಎಲ್ಲಿದೆ ಎಂದು ತಡಕಾಡುವುದು ಒಂದು, ಕೊನೆಯ ಪುಟವನ್ನು ಕದ್ದು ನೋಡುವುದು ಇನ್ನೊಂದು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನ ಬೆನ್ನುಹತ್ತಿ ಬೆಳೆದ ಅಂಥ ಓದುಗ ಅಲೆಗ್ಸಾಂಡರ್ ಮೆಕಾಲ್ ಸ್ಮಿತ್‌ರ ‘ದಿ ನಂಬರ್ ಒನ್ ಲೇಡೀಸ್ ಡಿಟೆಕ್ಟಿವ್ ಏಜೆನ್ಸಿ’ ತೆರೆದರೆ ಪೆಚ್ಚಾಗುತ್ತಾನೆ. 1998ರ ಈ ಕಾದಂಬರಿಯ ಬಾಗಿಲಲ್ಲಿ ಹೆಣವಿಲ್ಲ, ಆಸ್ತಿಪಟ್ಟಿ ಇದೆ: ಪುಟ್ಟ ಬಿಳಿ ವ್ಯಾನು, ಎರಡು ಮೇಜು, ಎರಡು ಕುರ್ಚಿ, ಫೋನು, ಹಳೆಯ ಟೈಪ್‌ರೈಟರು, ಟೀ ಪಾತ್ರೆ, ಮೂರು ಲೋಟ. ಒಂದು ಒಡತಿಗೆ, ಒಂದು ಕಾರ್ಯದರ್ಶಿಗೆ, ಮೂರನೆಯದು ಕಕ್ಷಿದಾರರಿಗೆ. ಇಬ್ಬರು ಒಟ್ಟಿಗೆ ಬಂದರೆ ಏನು ಗತಿ ಎಂಬುದಷ್ಟೇ ಸದ್ಯದ ರಹಸ್ಯ.

ಒಡತಿ ಪ್ರೆಶಸ್ ರಮೋಟ್ಸ್ವೆ, ಊರು ಬೋಟ್ಸ್ವಾನಾದ ರಾಜಧಾನಿ ಗ್ಯಾಬರೋನ್. ಅಪ್ಪ ದಕ್ಷಿಣ ಆಫ್ರಿಕದ ಗಣಿಗಳಲ್ಲಿ ದುಡಿದು ದನ ಕೂಡಿಟ್ಟವನು. ಅವನ್ನು ಮಾರಿ ವ್ಯಾಪಾರ ಮಾಡು ಎಂದು ಸಾಯುವ ಹೊತ್ತಿಗೆ ಹೇಳುತ್ತಾನೆ. ಮಾಂಸದಂಗಡಿಯಂಥದ್ದು ಅವನ ಎಣಿಕೆ. ಪತ್ತೇದಾರಿ ಮಾಡುತ್ತೇನೆ ಎನ್ನುತ್ತಾಳೆ ಮಗಳು. ಆಕ್ಷೇಪಿಸಲು ಬಾಯಿ ತೆರೆದವನು ಮಾತು ಮುಗಿಸುವ ಮೊದಲೇ ಹೋಗಿಬಿಡುತ್ತಾನೆ. ಕಡೆಗೂ ಒಂದು ಸಾವು ಸಿಕ್ಕಿತು, ಪತ್ತೆ ಮಾಡಲು ಮಾತ್ರ ಅದರಲ್ಲಿ ಏನೂ ಇಲ್ಲ.

ಹೆಂಗಸರು ಪತ್ತೇದಾರರಾಗುವುದುಂಟೇ ಎಂದ ವಕೀಲನಿಗೆ ಅವಳು ಅಗಾಥಾ ಕ್ರಿಸ್ಟಿಯ ಹೆಸರು ಹೇಳಿ ಸುಮ್ಮನಾಗಿಸುತ್ತಾಳೆ. ಕ್ರಿಸ್ಟಿ ಕಥೆ ಬರೆದವರು, ಕಳ್ಳರನ್ನು ಹಿಡಿದವರಲ್ಲ ಎಂಬುದು ವಕೀಲನಿಗೆ ಹೊಳೆಯುವುದೇ ಇಲ್ಲ!

ಪ್ರಕರಣಗಳಾದರೂ ಎಂಥವು! ಎಷ್ಟೋ ವರ್ಷಗಳ ಮೇಲೆ ಬಾಗಿಲಿಗೆ ಬಂದ ‘ಅಪ್ಪ’ನೊಬ್ಬ ಮಗಳ ಮನೆಯಲ್ಲಿ ಉಂಡುಕೊಂಡು ಠಿಕಾಣಿ ಹೂಡಿದ್ದಾನೆ. ನಿಜವಾದ ಅಪ್ಪನೋ ಅಲ್ಲವೋ? ರಮೋಟ್ಸ್ವೆ ನರ್ಸಿನ ಸಮವಸ್ತ್ರ ತೊಟ್ಟು ಹೋಗಿ, ಮಗಳಿಗೆ ಅಪಘಾತವಾಗಿದೆ, ನಿನ್ನ ರಕ್ತ ಬೇಕು, ಬಹಳ ಬೇಕು, ನೀನು ಉಳಿಯದೆಯೂ ಇರಬಹುದು ಎನ್ನುತ್ತಾಳೆ. ಪಿತೃವಾತ್ಸಲ್ಯ ಅಲ್ಲಿಗೇ ಇಳಿದುಹೋಗುತ್ತದೆ. ಪ್ರಯೋಗಾಲಯ ಬೇಡ, ಭೂತಗನ್ನಡಿ ಬೇಡ.

ಇನ್ನೊಬ್ಬಳ ಗಂಡ ನದಿಯಲ್ಲಿ ದೀಕ್ಷಾಸ್ನಾನಕ್ಕೆಂದು ಹೋಗಿ ನಾಪತ್ತೆ. ರಮೋಟ್ಸ್ವೆ ಮೊಸಳೆಗೆ ಗುಂಡು ಹೊಡೆದು ಹೊಟ್ಟೆ ಸೀಳಿದರೆ ಅವನ ಕೈಗಡಿಯಾರ ಸಿಗುತ್ತದೆ. ಸದ್ಯ, ಬೇರೆ ಹೆಂಗಸಿನ ಜೊತೆ ಓಡಿಹೋಗಿಲ್ಲವಲ್ಲ ಎಂಬುದು ಹೆಂಡತಿಗೆ ಸಮಾಧಾನ.

ಲೇಖಕರು ಎಡಿನ್‌ಬರೋದಲ್ಲಿ ವೈದ್ಯಕೀಯ ಕಾನೂನಿನ ಪ್ರಾಧ್ಯಾಪಕರಾಗಿದ್ದವರು, ಬೋಟ್ಸ್ವಾನಾದಲ್ಲೂ ಕಾನೂನು ಪಾಠ ಹೇಳಿದವರು. ಆದರೂ ಅವರ ನಾಯಕಿ ಕೋರ್ಟಿಗಿಂತ ಹೆಚ್ಚಾಗಿ ನಂಬುವುದು ಕೆಂಪು ರೂಯಿಬಾಸ್ ಚಹಾವನ್ನು. ಅದು ನಮ್ಮ ಟೀ ಗಿಡದ್ದೇ ಅಲ್ಲ; ನಿದ್ದೆಯನ್ನೂ ಕೆಡಿಸುವುದಿಲ್ಲ. ಪತ್ತೇದಾರಿ ಕಥೆಗೆ ಇದಕ್ಕಿಂತ ವಿಚಿತ್ರ ಪಾನೀಯ ಇನ್ನಾವುದು? ಕಾಣೆಯಾದ ಹುಡುಗ ಮತ್ತು ಮಾಟಗಾರರ ಎಳೆಯೊಂದು ಮಾತ್ರ ನಗಿಸುವುದಿಲ್ಲ. ಅಲ್ಲಿ ಓದುಗನೂ ಲೋಟ ಕೆಳಗಿಡುತ್ತಾನೆ.

ಇನ್ನು ಕೊನೆಯ ಪುಟ ಕದ್ದು ನೋಡುವವರ ಪಾಡು. ಅಲ್ಲಿ ಸಿಕ್ಕಿಬೀಳುವುದು ಕೊಲೆಗಾರನಲ್ಲ, ಗ್ಯಾರೇಜಿನ ಯಜಮಾನ ಜೆ.ಎಲ್.ಬಿ. ಮಟೆಕೋನಿ. ಹಿಂದೊಮ್ಮೆ ‘ಇಲ್ಲ’ ಎನಿಸಿಕೊಂಡಿದ್ದ ಈ ಪಾಪದ ಮನುಷ್ಯನಿಗೆ ರಮೋಟ್ಸ್ವೆ ಮದುವೆಗೆ ಒಪ್ಪಿಗೆ ಕೊಡುತ್ತಾಳೆ. ವಾಲಗ ಊದಿಸಲು ಮಾತ್ರ ಆತ ಸರಣಿಯ ಐದನೆಯ ಪುಸ್ತಕದವರೆಗೆ ಕಾಯಬೇಕು.